ಬ್ಯಾಲಸ್ಟ್ ನೀರನ್ನು ಹೊರಬಿಡುವ ಮುನ್ನ: ಹಡಗಿನ ಕಿರಿಯ ಅಧಿಕಾರಿಗಳಿಗೆ

ಪಣಂಬೂರಿನ ನವಮಂಗಳೂರು ಬಂದರಿಗೆ ಕಬ್ಬಿಣದ ಅದಿರಿನ ಉಂಡೆಗಳನ್ನು ಒಯ್ಯಲು ಖಾಲಿಯಾಗಿ ಬರುವ ಹಡಗು, ಸಮತೋಲಕ್ಕಾಗಿ ತೊಟ್ಟಿಗಳಲ್ಲಿ ತಂದ ಬ್ಯಾಲಸ್ಟ್ ನೀರನ್ನು ಸರಕು ತುಂಬುತ್ತಿದ್ದಂತೆ ಹೊರಬಿಡಲೇಬೇಕಾಗುತ್ತದೆ. ಆ ನೀರಿನಲ್ಲಿ ದೂರದ ಕರಾವಳಿಯ ಮರಿಜೀವಿಗಳೂ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಇರುತ್ತವೆ. ನಮ್ಮ ಪಚ್ಚಿಲೆಯನ್ನು ಹೋಲುವ ಸಣ್ಣ ಜೀಬ್ರಾ ಮಸ್ಸೆಲ್ 1980ರ ದಶಕದಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳನ್ನು ಸೇರಿ ನೀರಿನ ಕೊಳವೆಗಳನ್ನೆಲ್ಲ ಕಟ್ಟಿಹಾಕಿದ್ದು ಇದೇ ದಾರಿಯಿಂದ. ಒಮ್ಮೆ ನೆಲೆಯೂರಿದ ಜೀವಿಯನ್ನು ಹಿಂದಕ್ಕೆ ಕಳುಹಿಸುವ ಉಪಾಯವಿಲ್ಲವೆಂದೇ ತಿಳಿಯಬೇಕು.

ಆದ್ದರಿಂದ ಎಚ್ಚರ ಆರಂಭವಾಗಬೇಕಾದದ್ದು ನೀರು ತುಂಬುವಾಗಲೇ. ಚರಂಡಿ ಸೇರುವ ಕಡೆ, ಹೂಳೆತ್ತುವ ಕಡೆ, ಪಾಚಿ ಹಬ್ಬಿ ಬಣ್ಣ ತಿರುಗಿದ ನೀರಿನಲ್ಲಿ ಪಂಪು ಚಾಲೂ ಮಾಡಬೇಡಿ. ತಳದ ಜೀವಿಗಳು ಕತ್ತಲಲ್ಲಿ ಮೇಲೇರುವುದರಿಂದ ರಾತ್ರಿ ತುಂಬುವುದನ್ನೂ ಸಾಧ್ಯವಾದಷ್ಟು ತಪ್ಪಿಸಿ.

2004ರಲ್ಲಿ ಅಂಗೀಕಾರವಾಗಿ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಸಂಸ್ಕರಿಸಿ ಹೊರಬಿಡುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರೊಮೀಟರ್ ಅಥವಾ ಅದಕ್ಕಿಂತ ದೊಡ್ಡ ಜೀವಂತ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕು. ಸೋಸುಕ ಮತ್ತು ನೇರಳಾತೀತ ದೀಪದ ವ್ಯವಸ್ಥೆಯಿರುವ ಹಡಗಿನಲ್ಲಿ ಕೆಸರುನೀರೇ ದೊಡ್ಡ ವೈರಿ: ಸೋಸುಕ ಕಟ್ಟಿಕೊಳ್ಳುತ್ತದೆ, ಬೆಳಕು ನೀರಿನೊಳಗೆ ಇಳಿಯುವುದಿಲ್ಲ. ಕ್ಲೋರಿನ್ ಬಳಸುವ ವ್ಯವಸ್ಥೆಯಾದರೆ ಹೊರಬಿಡುವ ಮುನ್ನ ಉಳಿದ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸಲು ಮರೆಯಬಾರದು, ಏಕೆಂದರೆ ಅದು ಬಂದರಿನ ಸ್ಥಳೀಯ ಜೀವಿಗಳಿಗೂ ವಿಷವೇ.

ಸಂಸ್ಕರಣೆ ಕೈಕೊಟ್ಟರೆ ಬೈಪಾಸ್ (ನೀರನ್ನು ಸಂಸ್ಕರಿಸದೆ ಹೊರಬಿಡುವ ಅಡ್ಡದಾರಿ) ತೆರೆಯುವ ಆಮಿಷ ಸಹಜ, ಸರಕು ಕಾಯುತ್ತಿರುವಾಗಲಂತೂ ಇನ್ನೂ ಹೆಚ್ಚು. ಮೊದಲು ಕ್ಯಾಪ್ಟನ್‌ಗೆ ತಿಳಿಸಿ. ಅವರ ಮೂಲಕ ಬಂದರಿನ ಅಧಿಕಾರಿಗಳಿಗೂ ಹಡಗಿನ ಧ್ವಜರಾಷ್ಟ್ರಕ್ಕೂ (ಹಡಗು ನೋಂದಣಿಯಾದ ದೇಶಕ್ಕೂ) ವಿಷಯ ಹೋಗಲಿ. ಸಾಗರಮಧ್ಯದಲ್ಲಿ ನೀರು ಬದಲಿಸುವಂತೆ ಆ ಅಧಿಕಾರಿಗಳು ಸೂಚಿಸಿದರೆ, ತೀರದಿಂದ 200 ನಾಟಿಕಲ್ ಮೈಲಿ ಆಚೆ, 200 ಮೀಟರ್ ಆಳವಿರುವಲ್ಲಿ ಅದನ್ನು ಮಾಡುವುದು ಮೇಲು. ಅದಾಗದಿದ್ದರೆ ಅಷ್ಟೇ ಆಳದಲ್ಲಿ ಕನಿಷ್ಠ 50 ನಾಟಿಕಲ್ ಮೈಲಿ ಆಚೆ. ತೊಟ್ಟಿಯನ್ನು ಪೂರ್ತಿ ಬರಿದು ಮಾಡುವ ವಿಧಾನದಲ್ಲಿ ಹಡಗಿನ ಮೈಮೇಲೆ ಬೀಳುವ ಒತ್ತಡವನ್ನು ಮುಂಚೆಯೇ ಲೆಕ್ಕ ಹಾಕಿ. ಅಲೆ ಜೋರಾಗಿದ್ದು ಹಡಗಿಗೆ ಅಪಾಯವಿದೆ ಎಂದು ಕ್ಯಾಪ್ಟನ್ ಬದಲಾವಣೆಯನ್ನು ನಿಲ್ಲಿಸಿದರೆ ಅದಕ್ಕೆ ಒಪ್ಪಂದದಲ್ಲೇ ಅವಕಾಶವಿದೆ. ಕಾರಣವನ್ನು ಮಾತ್ರ ಬರೆದಿಡಬೇಕು.

ಬ್ಯಾಲಸ್ಟ್ ದಾಖಲೆ ಪುಸ್ತಕವನ್ನು ಕೊನೆಯ ನಮೂದಿನ ನಂತರ ಹಡಗಿನಲ್ಲಿ 2 ವರ್ಷ, ಆಮೇಲೆ ಕಂಪನಿಯ ಬಳಿ 3 ವರ್ಷ ಇಡಬೇಕು. ಎಲ್ಲ ಸುಸೂತ್ರವೆಂದು ಹೇಳುವ ಪುಸ್ತಕಕ್ಕಿಂತ, ಸೋಸುಕ ಕಟ್ಟಿಕೊಂಡ ಗಂಟೆಯನ್ನೂ ದಾಖಲಿಸಿದ ಪುಸ್ತಕವನ್ನೇ ನಾನು ನಂಬುತ್ತೇನೆ; ಆ ಸಾಲನ್ನು ಆಗಿಂದಾಗಲೇ ಬರೆಯಿರಿ, ಪಾಳಿ ಮುಗಿಯುವವರೆಗೆ ಕಾಯಬೇಡಿ.