ಶಿಕ್ಷಣ ಯೋಜನೆಯೊಂದರ ಮೌಲ್ಯಮಾಪನ ಮಾಡುವ ಬಗೆ: ಲೈಬೀರಿಯಾದ ಉದಾಹರಣೆ

ಬಡ ದೇಶವೊಂದರಲ್ಲಿ ದಾನಿಗಳ ನೆರವಿನಿಂದ ನಡೆದ ಶಿಕ್ಷಣ ಯೋಜನೆ ಫಲ ಕೊಟ್ಟಿತೇ ಎಂದು ಕೇಳಿದಾಗ, ಎಷ್ಟು ಕೊಠಡಿ ಕಟ್ಟಲಾಯಿತು, ಎಷ್ಟು ಶಿಕ್ಷಕರಿಗೆ ತರಬೇತಿ ಕೊಡಲಾಯಿತು ಎಂಬ ಲೆಕ್ಕ ಉತ್ತರವಾಗುವುದಿಲ್ಲ. ಯೋಜನೆ ಬರದೇ ಇದ್ದಿದ್ದರೆ ಅದೇ ಮಕ್ಕಳು ಎಷ್ಟು ಕಲಿತಿರುತ್ತಿದ್ದರು ಎಂಬುದನ್ನು ನಂಬಲರ್ಹವಾಗಿ ಅಂದಾಜು ಮಾಡುವುದೇ ಮೌಲ್ಯಮಾಪನದ ತಿರುಳು. ಇದಕ್ಕೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ನಡೆದ ಅಧ್ಯಯನ ಒಳ್ಳೆಯ ಉದಾಹರಣೆ. ಅಲ್ಲಿನ ಸರಕಾರ 2016ರಲ್ಲಿ 93 ಸರಕಾರಿ ಶಾಲೆಗಳ ಆಡಳಿತವನ್ನು ಎಂಟು ಖಾಸಗಿ ಸಂಸ್ಥೆಗಳಿಗೆ ವಹಿಸಿತು. ಕಟ್ಟಡ ಸರಕಾರದ್ದಾಗಿಯೇ ಉಳಿಯಿತು, ಶಿಕ್ಷಕರ ಸಂಬಳವೂ ಸರಕಾರದಿಂದಲೇ ಬರುತ್ತಿತ್ತು, ಮಕ್ಕಳಿಂದ ಶುಲ್ಕ ಪಡೆಯುವಂತಿರಲಿಲ್ಲ.

ಹೋಲಿಕೆಯ ಗುಂಪು, ಅಂದರೆ ಯೋಜನೆ ಸಿಗದೆ ಹೋಲಿಸಿ ನೋಡಲು ಉಳಿಯುವ ಶಾಲೆಗಳು, ಯೋಜನೆ ಆರಂಭವಾಗುವ ಮುನ್ನವೇ ಗೊತ್ತಾಗಿರಬೇಕು. ಶಾಲೆಗಳನ್ನು ಸಂಸ್ಥೆಗಳೇ ಆರಿಸಿಕೊಳ್ಳಲು ಬಿಟ್ಟರೆ, ಆಮೇಲೆ ಕಾಣುವ ವ್ಯತ್ಯಾಸ ಯೋಜನೆಯದೋ ಆಯ್ಕೆಯದೋ ಎಂದು ಹೇಳುವುದು ಕಷ್ಟ. ಲೈಬೀರಿಯಾದಲ್ಲಿ ಯೋಜನೆಗೆ ಅರ್ಹವಾದ ಶಾಲೆಗಳ ಪೈಕಿ ಒಂದನ್ನೊಂದು ಹೋಲುವವುಗಳನ್ನು ಜೋಡಿಯಾಗಿಸಿ, ಜೋಡಿಯಲ್ಲಿ ಯಾವುದು ಸಂಸ್ಥೆಯ ಕೈಗೆ ಹೋಗಬೇಕೆಂಬುದನ್ನು ಲಾಟರಿಯ ಮೂಲಕ ನಿರ್ಧರಿಸಲಾಯಿತು. ಆದರೆ ಅರ್ಹತೆಯ ಪಟ್ಟಿಯೊಳಗೆ ಬಂದ ಶಾಲೆಗಳು ದೇಶದ ಸಾಮಾನ್ಯ ಶಾಲೆಗಳಿಗಿಂತ ತುಸು ಅನುಕೂಲಸ್ಥವಾಗಿದ್ದವು, ಹಾಗಾಗಿ ಅಲ್ಲಿ ಕಂಡ ಫಲ ಎಲ್ಲ ಶಾಲೆಗಳಲ್ಲೂ ಸಿಗುತ್ತದೆ ಎನ್ನಲಾಗದು. ಇಂಥ ಮಿತಿಯನ್ನು ವರದಿಯ ಮೊದಲ ಪುಟದಲ್ಲೇ ಬರೆಯಬೇಕು, ಅಡಿಟಿಪ್ಪಣಿಯಲ್ಲಲ್ಲ.

ಪರೀಕ್ಷೆಗೆ ಕೂರಿಸುವ ಮಕ್ಕಳು ಯಾರು ಎಂಬಲ್ಲಿ ಅತಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅನೇಕ ಮೌಲ್ಯಮಾಪನಗಳು ಸದ್ದಿಲ್ಲದೆ ಕೆಡುವುದು ಇಲ್ಲಿಯೇ. ಲೈಬೀರಿಯಾದಲ್ಲಿ ಒಂದು ಸಂಸ್ಥೆ ತರಗತಿಗೆ ಇಷ್ಟೇ ಮಕ್ಕಳೆಂದು ಮಿತಿ ಹಾಕಿ, ಹೆಚ್ಚಾದವರನ್ನು ಹೊರಗೆ ಕಳಿಸಿತು. ವರ್ಷದ ಕೊನೆಗೆ ತರಗತಿಯಲ್ಲಿ ಕುಳಿತಿದ್ದವರನ್ನಷ್ಟೇ ಪರೀಕ್ಷಿಸಿದ್ದರೆ, ಹೊರಹೋದ ಮಕ್ಕಳ ನಷ್ಟ ಎಲ್ಲೂ ದಾಖಲಾಗುತ್ತಿರಲಿಲ್ಲ. ಅಧ್ಯಯನಕಾರರು ಯೋಜನೆಗೆ ಹಿಂದಿನ ವರ್ಷದ ದಾಖಲಾತಿ ಪುಸ್ತಕದಿಂದ ಹೆಸರುಗಳನ್ನು ಆರಿಸಿಕೊಂಡು, ಆ ಮಕ್ಕಳು ಬೇರೆ ಶಾಲೆಗೆ ಹೋಗಿರಲಿ, ಮನೆಯಲ್ಲೇ ಉಳಿದಿರಲಿ, ಹುಡುಕಿಕೊಂಡು ಹೋಗಿ ಪರೀಕ್ಷಿಸಿದರು. ನೀವೂ ಹೀಗೆ ಮಾಡುವುದಾದರೆ ದಾಖಲಾತಿ ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಆರಿಸಿದ ಪ್ರತಿ ಮಗುವಿನ ಎದುರು ತಾಯಿಯ ಹೆಸರು, ಊರಿನಲ್ಲಿ ಕರೆಯುವ ಹೆಸರು, ಮನೆಯ ಗುರುತು, ನೆರೆಯವರೊಬ್ಬರ ದೂರವಾಣಿ ಸಂಖ್ಯೆ ಇವನ್ನು ಬರೆದಿಟ್ಟು, ಆ ಪಟ್ಟಿಯನ್ನು ಬೀಗದಲ್ಲಿಡಿ. ಯೋಜನೆ ನಡೆಸುವವರಿಗೆ ಅದು ಸಿಗಬಾರದು. ಯಾವ ಮಕ್ಕಳನ್ನು ಅಳೆಯುತ್ತಾರೆಂದು ತಿಳಿದರೆ ಗಮನವೆಲ್ಲ ಅವರ ಕಡೆಗೇ ಹರಿಯುತ್ತದೆ.

ಪರೀಕ್ಷೆಯನ್ನು ಒಬ್ಬೊಬ್ಬ ಮಗುವನ್ನೇ ಕೂರಿಸಿಕೊಂಡು, ಬಾಯಿಮಾತಿನಲ್ಲಿ, ಅಕ್ಷರ ಗುರುತಿಸುವಷ್ಟು ಸುಲಭದಿಂದ ಆರಂಭಿಸಬೇಕು. ಲೈಬೀರಿಯಾದಲ್ಲಿ ವಯಸ್ಸು ಮೀರಿದ ಮಕ್ಕಳು ಪೂರ್ವ ಪ್ರಾಥಮಿಕ ತರಗತಿಗಳಲ್ಲೇ ಕುಳಿತಿರುತ್ತಾರೆ. ತರಗತಿಯ ಪಠ್ಯಕ್ಕೆ ಸರಿಯಾಗಿ ಪ್ರಶ್ನೆಪತ್ರಿಕೆ ಮಾಡಿದರೆ ಹೆಚ್ಚಿನವರಿಗೆ ಸೊನ್ನೆ ಬಂದು, ಏನೂ ತಿಳಿಯದೆ ಹೋಗಬಹುದು. ಭಾಷೆಯನ್ನೂ ಗಮನಿಸಬೇಕು. ಪಶ್ಚಿಮ ಕೆನ್ಯಾದಲ್ಲಿ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿದಾಗ ಸರಾಸರಿ ಅಂಕಗಳು ಏರಲಿಲ್ಲ, ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಬಹುಪಾಲು ಮಕ್ಕಳಿಗೆ ಅದು ಮೂರನೆಯ ಭಾಷೆ. ಸರಾಸರಿಯೊಂದನ್ನೇ ನೋಡುವವರಿಗೆ ಈ ಕಾರಣ ಕಾಣುವುದಿಲ್ಲ, ಆದ್ದರಿಂದ ಹಿಂದುಳಿದವರ ಅಂಕಗಳನ್ನು ಪ್ರತ್ಯೇಕವಾಗಿ ನೋಡಿ.

ಅಂಕಗಳ ಜೊತೆಗೆ, ಮುನ್ಸೂಚನೆಯಿಲ್ಲದೆ ಶಾಲೆಗೆ ಹೋಗಿ ಶಿಕ್ಷಕರು ಇದ್ದಾರೆಯೇ, ಇದ್ದರೆ ತರಗತಿಯೊಳಗೆ ಇದ್ದಾರೆಯೇ ಎಂದು ನೋಡಿ. ಲೈಬೀರಿಯಾದ ಹೋಲಿಕೆ ಶಾಲೆಗಳಲ್ಲಿ ಇಂಥ ಭೇಟಿಯ ದಿನ ಶೇ. 40ರಷ್ಟು ಶಿಕ್ಷಕರು ಸಿಕ್ಕರೆ, ಯೋಜನೆಯ ಶಾಲೆಗಳಲ್ಲಿ ಶೇ. 60ರಷ್ಟು ಸಿಕ್ಕರು. ಫಲ ಎಲ್ಲಿಂದ ಬಂದಿರಬಹುದೆಂಬ ಸುಳಿವು ಇಂಥ ಅಂಕಿಗಳಲ್ಲಿ ಸಿಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಸರಕಾರ ಕೊಟ್ಟದ್ದನ್ನಷ್ಟೇ ಅಲ್ಲ, ಸಂಸ್ಥೆಗಳು ಹೊರಗಿನಿಂದ ತಂದ ಹಣವನ್ನೂ ಸೇರಿಸಬೇಕು, ಇಲ್ಲದಿದ್ದರೆ ಯೋಜನೆ ಅಗ್ಗವೆಂಬ ಭ್ರಮೆ ಹುಟ್ಟುತ್ತದೆ. ಉತ್ತರ ಉಗಾಂಡಾದ ಲಾಂಗೊ ಪ್ರದೇಶದಲ್ಲಿ ಮಾತೃಭಾಷೆಯ ಓದು ಕಲಿಸುವ ಯೋಜನೆಯ ಪೂರ್ಣ ರೂಪ ಬಹಳ ಚೆನ್ನಾಗಿ ಫಲಿಸಿತು, ಖರ್ಚು ತಗ್ಗಿಸಿದ ರೂಪದಲ್ಲಿ ಫಲ ಕುಗ್ಗಿತು, ಬರವಣಿಗೆಯ ಕೆಲವು ಅಂಶಗಳಲ್ಲಿ ಹಿನ್ನಡೆಯೇ ಆಯಿತು. ಆದ್ದರಿಂದ ಸರಕಾರ ಮುಂದೆ ನಡೆಸಬಲ್ಲ ರೂಪ ಯಾವುದೋ ಅದನ್ನೇ ಅಳೆಯಬೇಕು.

ಅಂಕಪಟ್ಟಿಯಲ್ಲಿ ಕಾಣದ ಹಾನಿಯೂ ಇದೆ. ಹೊಡೆತ, ಲೈಂಗಿಕ ದೌರ್ಜನ್ಯ, ಶಾಲೆ ಬಿಟ್ಟದ್ದು ಇವುಗಳ ಬಗ್ಗೆ ಮಕ್ಕಳನ್ನು ಶಿಕ್ಷಕರಿಲ್ಲದ ಕಡೆ, ತರಬೇತಿ ಪಡೆದವರು, ದೂರು ಬಂದರೆ ಯಾರಿಗೆ ಒಪ್ಪಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡು ಕೇಳಬೇಕು. ಲೈಬೀರಿಯಾದಲ್ಲಿ ಮೊದಲ ವರ್ಷದ ಕಲಿಕೆಯ ಗಳಿಕೆ 0.18 ಪ್ರಮಾಣಿತ ವಿಚಲನೆಯಷ್ಟಿದ್ದು (ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಉತ್ಸಾಹ ಹುಟ್ಟಿಸಿತ್ತು. ಮೂರು ವರ್ಷಗಳ ಬಳಿಕ ನೋಡಿದಾಗ ಆ ಗಳಿಕೆ ಹೆಚ್ಚೇನೂ ಬೆಳೆದಿರಲಿಲ್ಲ, ಶಾಲೆ ಬಿಟ್ಟವರ ಪ್ರಮಾಣ ಮಾತ್ರ ಏರಿತ್ತು. ಒಂದು ವರ್ಷಕ್ಕೇ ವರದಿ ಬೇಕೆಂದು ದಾನಿಗಳು ಕೇಳಿದರೂ, ಮೂರನೆಯ ವರ್ಷದ ಅಳತೆಗೆ ಬೇಕಾದ ಹಣವನ್ನು ಆರಂಭದ ಬಜೆಟ್ಟಿನಲ್ಲೇ ತೆಗೆದಿರಿಸಿಕೊಳ್ಳಿ.