ಮಾತ್ರೆ ನುಂಗಿ ಗಡಿಯಾರ ನೋಡುತ್ತ ಕೂರಬೇಡಿ

ಔಷಧಿ ಕೌಂಟರಿನ ಒಳಗೆ ನಿಂತವರಿಗೆ ಈ ಗಿರಾಕಿ ದೂರದಿಂದಲೇ ಗೊತ್ತಾಗುತ್ತಾರೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಕೆಮ್ಮಿನ ಮಾತ್ರೆ ಕೇಳುತ್ತಾರೆ. ಅವರು ಹೋದ ಮೇಲೆ ಮಡಚಿದ ಚೀಟಿಯೊಂದನ್ನು ಮುಂದಕ್ಕೆ ತಳ್ಳುತ್ತಾರೆ. ಅಕ್ಷರ ವೈದ್ಯರದಲ್ಲ, ಅವರದೇ. ಶಿಶ್ನ ನಿಮಿರಲು ನುಂಗುವ ಮಾತ್ರೆಯ ಹೆಸರು, ಪಕ್ಕದಲ್ಲಿ '100' ಎಂಬ ಮಿ.ಗ್ರಾಂ ಅಂಕಿ, ಅದರ ಕೆಳಗೆ ಎರಡು ಗೆರೆ. ವಾರ ಬಿಟ್ಟು ಬಂದು, 'ಏನೂ ಆಗ್ಲಿಲ್ಲ, ಇದಕ್ಕಿಂತ ಸ್ಟ್ರಾಂಗ್ ಇದ್ರೆ ಕೊಡಿ' ಅನ್ನುತ್ತಾರೆ. ಹೇಗೆ ತಗೊಂಡ್ರಿ ಎಂದು ವಿಚಾರಿಸಿದರೆ ತಪ್ಪು ಅಲ್ಲೇ ಸಿಗುತ್ತದೆ. ಅದಕ್ಕೇ ಈ ಬರಹ.

ಮೊದಲ ಹಂತ: ತೊಂದರೆ ಯಾವುದು ಎಂದು ಗುರುತಿಸಿಕೊಳ್ಳಿ. ಶಿಶ್ನ ಸಾಕಷ್ಟು ಗಟ್ಟಿಯಾಗದೆ ಹೋಗುವುದು, ಅಥವಾ ಗಟ್ಟಿಯಾದರೂ ಸಂಭೋಗ ಮುಗಿಯುವ ತನಕ ನಿಲ್ಲದಿರುವುದು ನಿಮಿರು ದೌರ್ಬಲ್ಯ. ಅದೂ ಒಂದೆರಡು ದಿನದ ಮಾತಲ್ಲ, ಮೂರು ತಿಂಗಳಾದರೂ ಹಾಗೇ ನಡೆದಿರಬೇಕು. ದಣಿದ ರಾತ್ರಿ ಒಮ್ಮೆ ಕೈಕೊಟ್ಟರೆ ಅದು ಕಾಯಿಲೆಯಲ್ಲ. ಬೇಗ ಸ್ಖಲನವಾಗುವುದು ಬೇರೆಯದೇ ತೊಂದರೆ, ಆಸೆಯೇ ಹುಟ್ಟದಿರುವುದು ಮತ್ತೊಂದು. ಮೂರನ್ನೂ 'ಗಂಡಸುತನ ಹೋಯ್ತು' ಎಂಬ ಒಂದೇ ಚೀಲಕ್ಕೆ ತುಂಬಿ ಒಂದೇ ಮಾತ್ರೆ ಕೇಳುವವರಿದ್ದಾರೆ. ಅಂದಹಾಗೆ, ಇದು ಅಪರೂಪದ್ದೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವಯಸ್ಸಿನ ಗಂಡಸರನ್ನು ವಿಚಾರಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 52ರಷ್ಟು ಮಂದಿಗೆ ಒಂದಲ್ಲ ಒಂದು ಮಟ್ಟದಲ್ಲಿ ಈ ತೊಂದರೆ ಇತ್ತು.

ಬೆಳಿಗ್ಗೆ ಏಳುವಾಗ ಶಿಶ್ನ ಗಟ್ಟಿಯಾಗಿರುತ್ತದೆಯೇ ಎಂದು ಗಮನಿಸಿ. ಆರೋಗ್ಯವಂತನಿಗೆ ನಿದ್ದೆಯಲ್ಲಿ ರಾತ್ರಿಗೆ ಮೂರರಿಂದ ಐದು ಸಲ ಹಾಗಾಗುತ್ತದೆ. ನಿದ್ದೆಯಲ್ಲಿ ಸರಿ, ಸಂಗಾತಿಯ ಜೊತೆ ಇಲ್ಲ ಎಂದಾದರೆ ಹೆಚ್ಚಾಗಿ ಮನಸ್ಸಿನ ಭಯ ಕಾರಣ. ಎರಡೂ ಕಡೆ ಇಲ್ಲವಾದರೆ ರಕ್ತನಾಳ, ನರ, ಹಾರ್ಮೋನುಗಳ ಕಡೆ ನೋಡಬೇಕು. ಇದು ಸುಳಿವು ಮಾತ್ರ, ತೀರ್ಪಲ್ಲ. ಅನೇಕರಲ್ಲಿ ಎರಡೂ ಬೆರೆತಿರುತ್ತವೆ.

ಎರಡನೆಯ ಹಂತವನ್ನು ಹಾರಿಸಿಬಿಡುವವರೇ ಜಾಸ್ತಿ: ತಪಾಸಣೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಜೊತೆಗೆ ಬೆಳಗಿನ ಹೊತ್ತಿನಲ್ಲೇ ರಕ್ತ ಕೊಟ್ಟು ನೋಡುವ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು. ಮಧ್ಯಾಹ್ನದ ಹೊತ್ತಿಗೆ ಅದರ ಮಟ್ಟ ತಾನಾಗಿಯೇ ಇಳಿದಿರುತ್ತದೆ, ಆ ರಿಪೋರ್ಟ್ ಹಿಡಿದು ಗಾಬರಿಯಾಗಬೇಡಿ. ಶಿಶ್ನದ ರಕ್ತನಾಳಗಳು ಒಂದೆರಡು ಮಿಲಿಮೀಟರ್ ಅಗಲದವು, ಹೃದಯದವು ಮೂರು ನಾಲ್ಕು. ಒಂದೇ ಕಿಲುಬು ಎರಡೂ ಕಡೆ ಕೂರುತ್ತಿದ್ದರೆ ಸಣ್ಣ ಕೊಳವೆ ಮೊದಲು ಕಟ್ಟಿಕೊಳ್ಳುತ್ತದೆ. ಎದೆನೋವು ಕಾಣಿಸಿಕೊಳ್ಳುವ ಕೆಲವು ವರ್ಷ ಮೊದಲೇ ಹಾಸಿಗೆಯಲ್ಲಿ ಸೂಚನೆ ಸಿಗುವುದು ಹೀಗೆ. ಸಿಗರೇಟು ಬಿಡುವುದು, ಹೊಟ್ಟೆ ಕರಗಿಸುವುದು, ಸಕ್ಕರೆ ಹತೋಟಿಗೆ ತರುವುದು ಚಿಕಿತ್ಸೆಯ ಭಾಗವೇ. ಮಾತ್ರೆ ಬಂದ ಮೇಲೂ ಅವು ಮುಂದುವರಿಯಬೇಕು.

ಈಗಾಗಲೇ ನುಂಗುತ್ತಿರುವ ಔಷಧಗಳ ಪಟ್ಟಿಯನ್ನೂ ವೈದ್ಯರ ಮುಂದಿಡಿ. ಖಿನ್ನತೆಯ ಕೆಲವು ಮಾತ್ರೆ, ಕೆಲವು ಬಿಪಿ ಮಾತ್ರೆ, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಇವೂ ಕಾರಣವಾಗಬಲ್ಲವು. ಆದರೆ ನೀವೇ ನಿಲ್ಲಿಸಬೇಡಿ.

ಮೂರನೆಯದು ಮಾತ್ರೆ. ಎಡವುವುದೆಲ್ಲ ಇಲ್ಲೇ, ಹಾಗಾಗಿ ಸಾವಕಾಶವಾಗಿ ಹೇಳುತ್ತೇನೆ.

ಶಿಶ್ನದೊಳಗೆ ಸ್ಪಂಜಿನಂಥ ಎರಡು ಕಂಬಗಳಿವೆ. ಆಸೆ ಕೆರಳಿದಾಗ ನರದ ತುದಿಯಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಟು, ಅದರಿಂದ ಸಿಜಿಎಂಪಿ ಎಂಬ ವಸ್ತು ಹುಟ್ಟಿ, ಅಲ್ಲಿನ ಸ್ನಾಯು ಸಡಿಲಗೊಳ್ಳುತ್ತದೆ. ರಕ್ತ ನುಗ್ಗುತ್ತದೆ, ಉಬ್ಬಿದ ಸ್ಪಂಜು ಹೊರಹೋಗುವ ನಾಳಗಳನ್ನು ಒತ್ತಿ ಮುಚ್ಚುತ್ತದೆ. ಪಿಡಿಇ-5 ಎಂಬ ಕಿಣ್ವ ಆ ಸಿಜಿಎಂಪಿಯನ್ನು ಒಡೆದಾಗ ಎಲ್ಲ ಇಳಿಯುತ್ತದೆ. ಹೃದಯದ ನೋವಿಗೆಂದು ಪರೀಕ್ಷಿಸುತ್ತಿದ್ದ ಸಿಲ್ಡೆನಾಫಿಲ್ ಈ ಕಿಣ್ವದ ಕೈ ಕಟ್ಟುತ್ತದೆ. 1998ರಲ್ಲಿ ಅದಕ್ಕೆ ವಯಾಗ್ರ ಹೆಸರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನೈಟ್ರಿಕ್ ಆಕ್ಸೈಡಿನ ಕೆಲಸ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಇಷ್ಟು ಯಾಕೆ ಹೇಳಿದೆ ಎಂದರೆ, ಮೊದಲು ಆಸೆ ಕೆರಳದಿದ್ದರೆ ಮಾತ್ರೆಗೆ ಮಾಡಲು ಕೆಲಸವೇ ಇಲ್ಲ. ಐವತ್ತು ದಾಟಿದ ಒಬ್ಬರು ಹೊಟ್ಟೆ ಬಿರಿಯ ಉಂಡು, ಎರಡು ಪೆಗ್ ಹಾಕಿ, ಮಾತ್ರೆ ನುಂಗಿ ಟಿವಿ ಮುಂದೆ ಕೂತರಂತೆ. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ. ಮುಕ್ಕಾಲು ಗಂಟೆಗೆ 'ಇದು ಡೂಪ್ಲಿಕೇಟು' ಎಂದು ತೀರ್ಮಾನಿಸಿ ಮಲಗಿಬಿಟ್ಟರು. ಹೆಂಡತಿಯ ಹತ್ತಿರ ಹೋಗಲೇ ಇಲ್ಲವಾ ಎಂದರೆ, 'ಮೊದ್ಲು ಆಗ್ಲಿ, ಆಮೇಲೆ ಕರೆಯೋಣ ಅಂದ್ಕೊಂಡೆ' ಎಂದರು. ಒಂದೇ ರಾತ್ರಿ ಮೂರು ತಪ್ಪು. ಎಣ್ಣೆ ಜಿಡ್ಡಿನ ಊಟ ಸಿಲ್ಡೆನಾಫಿಲ್ ರಕ್ತ ಸೇರುವುದನ್ನು ಸುಮಾರು ಒಂದು ಗಂಟೆ ತಡಮಾಡುತ್ತದೆ. ಮದ್ಯ ನರಗಳನ್ನು ಮಂಕಾಗಿಸುತ್ತದೆ, ಬಿಪಿಯನ್ನೂ ಇಳಿಸುತ್ತದೆ. ಸ್ಪರ್ಶ, ಮಾತು, ಸರಸ ಇಲ್ಲದೆ ನೈಟ್ರಿಕ್ ಆಕ್ಸೈಡ್ ಹೊರಡುವುದೇ ಇಲ್ಲ.

ಹಾಗಾದರೆ ಸರಿಯಾದ ಕ್ರಮ? ಸಾಮಾನ್ಯವಾಗಿ 50 ಮಿ.ಗ್ರಾಂ ಸಿಲ್ಡೆನಾಫಿಲ್‌ನಿಂದ ಶುರು. ವಯಸ್ಸಾದವರಿಗೆ, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರಿಗೆ 25. ಖಾಲಿ ಹೊಟ್ಟೆಯಲ್ಲಿ ಅಥವಾ ಹಗುರ ಊಟವಾದ ಮೇಲೆ, ಒಂದು ಗಂಟೆ ಮೊದಲು. ನಾಲ್ಕು ಗಂಟೆಯವರೆಗೆ ಅವಕಾಶ ಇರುತ್ತದೆ, ಧಾವಂತ ಬೇಡ. ದಿನಕ್ಕೆ ಒಂದೇ ಸಲ. ಮೊದಲ ಸಲ ಫಲ ಕಾಣದಿದ್ದರೆ ಅದೇ ರಾತ್ರಿ ಇನ್ನೊಂದು ನುಂಗುವುದು ಶುದ್ಧ ಹುಚ್ಚುತನ. ಆರರಿಂದ ಎಂಟು ಸಲ ಸರಿಯಾಗಿ ತೆಗೆದುಕೊಂಡು, ವೈದ್ಯರು ಪ್ರಮಾಣವನ್ನೂ ಏರಿಸಿ ನೋಡಿ, ಆಗಲೂ ಆಗದಿದ್ದರೆ ಮಾತ್ರ 'ನನಗೆ ಕೆಲಸ ಮಾಡುವುದಿಲ್ಲ' ಅನ್ನಿ.

ನನ್ನನ್ನು ಕೇಳಿದರೆ ಇದೇ ಗುಂಪಿನ ಇನ್ನೊಂದು ಮಾತ್ರೆ ಟಡಾಲಫಿಲ್ ವಾಸಿ. ಊಟದ ಹಂಗಿಲ್ಲ, ಪರಿಣಾಮ 36 ಗಂಟೆಯವರೆಗೂ ಇರಬಲ್ಲದು. ಅಷ್ಟು ಹೊತ್ತೂ ನಿಮಿರಿರುತ್ತದೆ ಎಂದಲ್ಲ, ಆಸೆ ಕೆರಳಿದರೆ ನಿಮಿರಲು ಅನುಕೂಲ ಇರುತ್ತದೆ ಎಂದಷ್ಟೆ. ಬೇಕಾದಾಗ 10 ಅಥವಾ 20 ಮಿ.ಗ್ರಾಂ, ಇಲ್ಲವೇ ದಿನವೂ 2.5 ಅಥವಾ 5. ಗಡಿಯಾರದ ಭೂತ ಹಿಡಿದವರಿಗೆ ದಿನದ ಸಣ್ಣ ಮಾತ್ರೆಯೇ ಸರಿ. ಕೆಲವರಿಗೆ ಬೆನ್ನು, ಮೈಕೈ ನೋವು ಬರುತ್ತದೆ. ಸಿಲ್ಡೆನಾಫಿಲ್‌ಗಾದರೆ ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಅಪರೂಪಕ್ಕೆ ಕಣ್ಣಿಗೆ ಎಲ್ಲ ನೀಲಿ ನೀಲಿ.

ಈಗ ಪ್ರಾಣಕ್ಕೆ ಸಂಬಂಧಿಸಿದ ಮಾತು. ಎದೆನೋವಿಗೆ ನಾಲಿಗೆ ಅಡಿ ಇಡುವ ಐಸೊಸಾರ್ಬೈಡ್ ಅಥವಾ ನೈಟ್ರೊಗ್ಲಿಸರಿನ್‌ನಂಥ ನೈಟ್ರೇಟ್ ಔಷಧ ಬಳಸುವವರು ಈ ಗುಂಪಿನ ಯಾವ ಮಾತ್ರೆಯನ್ನೂ ಮುಟ್ಟಕೂಡದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕಿಳಿಯುತ್ತದೆ. ಮಾತ್ರೆ ನುಂಗಿದ ಮೇಲೆ ಎದೆನೋವು ಬಂತೋ, ಆಸ್ಪತ್ರೆಯಲ್ಲಿ ನಾಚದೆ ಹೆಸರು ಮತ್ತು ಹೊತ್ತು ಎರಡನ್ನೂ ಹೇಳಿ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ಅವರು ನೈಟ್ರೇಟ್ ಕೊಡುವ ಹಾಗಿಲ್ಲ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರೂ ತಿಳಿಸಿಯೇ ಶುರುಮಾಡಬೇಕು. ದಿಢೀರ್ ಒಂದು ಕಣ್ಣು ಮಂಜಾದರೆ, ಕಿವಿ ಕೇಳಿಸದಾದರೆ, ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ.

'ಪೂರ್ತಿ ಗಿಡಮೂಲಿಕೆ, ಒಂದೇ ಗಂಟೆಯಲ್ಲಿ ಫಲ' ಎಂಬ ಡಬ್ಬಿಗಳ ಬಗ್ಗೆ ನನಗೆ ಸಿಟ್ಟಿದೆ. ಅಂಥ ಅನೇಕ ಸರಕುಗಳಲ್ಲಿ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಮಾಡಿದೆ. ನೈಟ್ರೇಟ್ ತೆಗೆದುಕೊಳ್ಳುವ ಹೃದ್ರೋಗಿ 'ಬೇರು ನಾರು ತಾನೇ' ಎಂದು ಅದನ್ನು ನುಂಗಿದರೆ ಏನಾದೀತು, ಯೋಚಿಸಿ. ಟೆಸ್ಟೋಸ್ಟೆರಾನ್ ಸರಿಯಿದ್ದವರು ಅದರ ಇಂಜೆಕ್ಷನ್ ಹಾಕಿಸಿಕೊಳ್ಳುವುದೂ ದಂಡ. ಮಕ್ಕಳು ಬೇಕೆನ್ನುವವರಿಗೆ ವೀರ್ಯಾಣು ಇಳಿಯುವ ನಷ್ಟ ಬೇರೆ.

ಮನಸ್ಸಿನ ಭಯ ದೊಡ್ಡದಾಗಿದ್ದರೆ ಆಪ್ತಸಲಹೆ ಜೊತೆಗಿರಲಿ. ಕೆಲವು ವಾರ ಸಂಭೋಗವನ್ನೇ ನಿಷೇಧಿಸಿ ಬರೀ ಸ್ಪರ್ಶಕ್ಕೆ ಸೀಮಿತಗೊಳಿಸುವ ವಿಧಾನ ಅಮೆರಿಕದ ಲೈಂಗಿಕ ಸಂಶೋಧಕ ಜೋಡಿ ಮಾಸ್ಟರ್ಸ್ ಮತ್ತು ಜಾನ್ಸನ್ ಕಾಲದಿಂದಲೂ ಇದೆ. ಪರೀಕ್ಷೆಯೇ ಇಲ್ಲ ಎಂದ ಮೇಲೆ ಫೇಲಾಗುವ ಭಯವೂ ಇಳಿಯುತ್ತದೆ.

ಮಾತ್ರೆಗೆ ಬಗ್ಗದಿದ್ದರೆ ನಾಲ್ಕನೆಯ ಹಂತ. ವ್ಯಾಕ್ಯೂಮ್ ಪಂಪ್ ರಕ್ತ ಎಳೆದು ತುಂಬುತ್ತದೆ, ಬುಡಕ್ಕೆ ಹಾಕುವ ಉಂಗುರ ಅದನ್ನು ಹಿಡಿದಿಡುತ್ತದೆ. ಉಂಗುರ 30 ನಿಮಿಷಕ್ಕಿಂತ ಹೆಚ್ಚು ಇರಬಾರದು. ಮುಂದಿನದು ಶಿಶ್ನದ ಪಕ್ಕಕ್ಕೆ ಸಣ್ಣ ಸೂಜಿಯಲ್ಲಿ ಕೊಡುವ, ರಕ್ತನಾಳ ಸಡಿಲಿಸುವ ಆಲ್ಪ್ರೊಸ್ಟಾಡಿಲ್ ಇಂಜೆಕ್ಷನ್. ಕೇಳಿದರೆ ಮೈ ಜುಂ ಅನ್ನುತ್ತದೆ, ನೋವು ಹಾಗಿಲ್ಲ. 1983ರಲ್ಲಿ ಗೈಲ್ಸ್ ಬ್ರಿಂಡ್ಲಿ ಎಂಬ ಬ್ರಿಟಿಷ್ ವಿಜ್ಞಾನಿ ಲಾಸ್ ವೇಗಸ್‌ನ ವೈದ್ಯ ಸಮ್ಮೇಳನದಲ್ಲಿ ತನಗೇ ಇಂಥ ಇಂಜೆಕ್ಷನ್ ಕೊಟ್ಟುಕೊಂಡು, ವೇದಿಕೆಯ ಮೇಲೆ ಪ್ಯಾಂಟು ಇಳಿಸಿ ಫಲಿತಾಂಶ ತೋರಿಸಿಬಿಟ್ಟಿದ್ದರು. ನೀವು ಮೊದಲ ಡೋಸನ್ನು ವೈದ್ಯರ ಕೋಣೆಯಲ್ಲೇ ತೆಗೆದುಕೊಂಡರೆ ಸಾಕು.

ಕೊನೆಯದು ಇಂಪ್ಲಾಂಟ್. ಶಿಶ್ನದೊಳಗೆ ಎರಡು ಸಿಲಿಂಡರ್, ಹೊಟ್ಟೆಯಲ್ಲಿ ನೀರಿನ ಚೀಲ, ವೃಷಣಚೀಲದಲ್ಲಿ ಪುಟ್ಟ ಪಂಪ್. ಒಮ್ಮೆ ಹಾಕಿದರೆ ಸಹಜ ನಿಮಿರುವಿಕೆಗೆ ಹಿಂದಿರುಗಲಾಗದು, ಆದ್ದರಿಂದಲೇ ಇದು ಕೊನೆಗೆ. ಗಾಯ ಮಾಗಿದ ಮೇಲೆ, ಸುಮಾರು ನಾಲ್ಕರಿಂದ ಆರು ವಾರಕ್ಕೆ, ಬಳಸಲು ಹೇಳಿಕೊಡುತ್ತಾರೆ. ಆ ದಿನ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಒತ್ತುವುದು ಎಲ್ಲಿ, ಇಳಿಸುವುದು ಎಲ್ಲಿ ಎಂದು ಇಬ್ಬರಿಗೂ ಕೈಗೆ ರೂಢಿಯಾಗಿರಲಿ.