ಎಷ್ಟು ಡಿಗ್ರಿ ಇಡಬೇಕು ಅನ್ನೋ ಮೊದಲು ಬಿಟ್ ನೋಡಿ

ಸೋಲ್ಡರಿಂಗ್ ಸ್ಟೇಷನ್ (ಬಿಸಿ ಹೊಂದಿಸಬಹುದಾದ ಬೆಸುಗೆ ಐರನ್) ಕೊಂಡವರು ಮೊದಲು ಕೇಳೋದು, ಅದರ ಬಿಟ್ಟನ್ನು, ಅಂದರೆ ಬೆಸುಗೆ ಹಾಕುವ ತುದಿಯನ್ನು, ಎಷ್ಟು ಡಿಗ್ರಿಗೆ ಇಡಲಿ ಅಂತ. ನಾನು 320 ಡಿಗ್ರಿ ಸೆಲ್ಸಿಯಸ್ ಅನ್ನುತ್ತೇನೆ. ಆದರೆ ಅದು ಶುರು ಮಾಡೋಕೆ ಒಂದು ಅಂದಾಜು, ಅಷ್ಟೇ.

ನಾನು ಬಳಸುವ ಲೆಡ್ (ಬೆಸುಗೆ ತಂತಿಗೆ ನಾವು ಅನ್ನೋದು ಹೀಗೆ) 63/37. ಅಂದರೆ 63 ಭಾಗ ತವರ, 37 ಭಾಗ ಸೀಸ. ಇದು 183 ಡಿಗ್ರಿಗೇ ಕರಗುತ್ತದೆ. ಮತ್ತೆ 320 ಯಾಕೆ? ಬಿಟ್ ಮುಟ್ಟಿಸಿದ ತಕ್ಷಣ ಬೋರ್ಡಿನ ಮೇಲಿನ ತಾಮ್ರದ ಪ್ಯಾಡು, ರೆಸಿಸ್ಟರಿನ ಕಾಲು ಎರಡೂ ಬಿಸಿಯನ್ನು ಎಳೆದುಕೊಳ್ಳುತ್ತವೆ. ಹಾಗೆ ಎಳೆದ ಮೇಲೂ ಎರಡು ಮೂರು ಸೆಕೆಂಡಿನಲ್ಲಿ ಲೆಡ್ ಚೆನ್ನಾಗಿ ಹರಿಯಬೇಕು. ನಾನು ನೋಡೋದು ಈ ಸಮಯವನ್ನೇ, ಡಿಸ್‌ಪ್ಲೇಯನ್ನಲ್ಲ.

ಹೊಸ ಬಿಟ್ ಹಾಕಿದಾಗಲೆಲ್ಲ ಒಂದು ಹಳೇ ಬೋರ್ಡ್ ಮೇಲೆ ಪರೀಕ್ಷೆ ಮಾಡುತ್ತೇನೆ. 300ಕ್ಕೆ ಇಟ್ಟು, ಬಿಟ್ಟನ್ನು ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಿಸಿ, ಎದುರು ಕಡೆಯಿಂದ ಲೆಡ್ ಕೊಡುತ್ತೇನೆ. ತಡವಾದರೆ 10 ಡಿಗ್ರಿ ಏರಿಸುತ್ತೇನೆ. ಸರಿಯಾಗಿ ಹರಿಯಿತು ಅಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಸಾಮಾನ್ಯ ಕೆಲಸಕ್ಕೆ ಇದು 310–330ರ ನಡುವೆ ಬಂದು ನಿಲ್ಲುತ್ತದೆ.

ತೊಂದರೆ ಶುರುವಾಗೋದು ಗ್ರೌಂಡ್ ಪಿನ್ನಿನಲ್ಲಿ. ಅದರ ಸುತ್ತ ಅಗಲವಾದ ತಾಮ್ರ ಇರುತ್ತದೆ, ಬಿಸಿಯೆಲ್ಲ ಅದಕ್ಕೇ ಹೋಗುತ್ತದೆ. ಲೆಡ್ ಉಂಡೆಯಾಗಿ ಕೂತುಬಿಡುತ್ತದೆ, ಹರಿಯೋದಿಲ್ಲ. ಆಗ ಹೆಚ್ಚಿನವರು ನೇರ 420ಕ್ಕೆ ಏರಿಸುತ್ತಾರೆ. ನಾನು ಮೊದಲು ಬಿಟ್ ಬದಲಿಸುತ್ತೇನೆ. ಸೂಜಿಯಂಥ ಮೊನೆಯ ಬಿಟ್ ತೆಗೆದು 2.4 ಮಿ.ಮೀ. ಚಪ್ಪಟೆ ಬಿಟ್ ಹಾಕಿದರೆ ಅದೇ ಪಿನ್ 340–350ಕ್ಕೆ ಕೂರುತ್ತದೆ. ತೆಳು ಮೊನೆ ತಾಗೋದು ಚೂರು ಜಾಗಕ್ಕೆ ಮಾತ್ರ. ಹಿಂದಿರುವ ಹೀಟರಿನ ಬಿಸಿ ಅಲ್ಲಿಗೆ ಬೇಗ ಬಂದು ಮುಟ್ಟೋದೂ ಇಲ್ಲ. 936 ಅನ್ನೋ ಮಾಡೆಲ್ ಥರದ ಸ್ಟೇಷನ್ನುಗಳಲ್ಲಿ ಸೆನ್ಸರ್ ಇರೋದು ಹೀಟರಿನ ಒಳಗೆ, ಬಿಟ್ಟಿನ ತುದಿಯಲ್ಲಲ್ಲ. ಹಾಗಾಗಿ ಡಿಸ್‌ಪ್ಲೇ 350 ಅಂತ ತೋರಿಸುತ್ತಿದ್ದರೂ ತುದಿ ತಣ್ಣಗಾಗಿರಬಹುದು. ಸ್ಟೇಷನ್ ಜೊತೆ ಸೂಜಿ ಬಿಟ್ಟನ್ನೇ ಯಾಕೆ ಕೊಡುತ್ತಾರೋ ನನಗಂತೂ ಅರ್ಥವಾಗಿಲ್ಲ. ನನ್ನದು ಡಬ್ಬಿಯಲ್ಲೇ ಇದೆ.

ಬಿಸಿ ಜಾಸ್ತಿಯಾದರೆ ಏನಾಗುತ್ತದೆ? ಲೆಡ್ ಒಳಗಿನ ಫ್ಲಕ್ಸ್ (ಲೋಹದ ಮೈ ಶುಚಿ ಮಾಡಿ ಲೆಡ್ ಹರಿಯಲು ನೆರವಾಗುವ ಅಂಟು) ಕೆಲಸ ಮಾಡುವ ಮೊದಲೇ ಸುಟ್ಟುಹೋಗುತ್ತದೆ. ಬಿಟ್ ಎತ್ತುವಾಗ ಲೆಡ್ಡಿಗೆ ಬಾಲ ಬರುತ್ತದೆ. ಬಿಟ್ ಕಪ್ಪಾಗಿ ಲೆಡ್ ಹಿಡಿಯೋದನ್ನೇ ಬಿಡುತ್ತದೆ. ಅಗ್ಗದ ಒಂಟಿ ಪದರದ ಬೋರ್ಡ್ ಆದರೆ ಪ್ಯಾಡೇ ಎದ್ದು ಬರುತ್ತದೆ. ಲೆಡ್ ಹಿಡಿಯದ ಕಪ್ಪು ಬಿಟ್ ನೋಡಿ ಬಿಸಿ ಸಾಲದು ಅಂದುಕೊಂಡು ಇನ್ನೂ ಏರಿಸುವವರಿದ್ದಾರೆ. ಅಲ್ಲಿ ಬೇಕಾಗಿರೋದು ಹಿತ್ತಾಳೆ ನಾರಿನಲ್ಲಿ ಉಜ್ಜಿ, ಹೊಸ ಲೆಡ್ ಸವರೋದು, ಅಷ್ಟೇ.

ಸೀಸ ಇಲ್ಲದ ಲೆಡ್ಡಿಗೆ ಲೆಕ್ಕ ಬೇರೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸ್‌ಎಸಿ305 (ತವರ, ಬೆಳ್ಳಿ, ತಾಮ್ರದ ಮಿಶ್ರಣ) ಕರಗೋದೇ 217 ಡಿಗ್ರಿಯ ಮೇಲೆ, ಅದಕ್ಕೆ 350–370 ಇಡುತ್ತೇನೆ. ಈಚಿನ ಟಿವಿ, ಚಾರ್ಜರ್ ಬೋರ್ಡುಗಳಲ್ಲಿ ಬಹುತೇಕ ಇಂಥದ್ದೇ. ಬಿಚ್ಚುವಾಗ ನನ್ನ 63/37 ಲೆಡ್ ಸ್ವಲ್ಪ ಅದರ ಮೇಲೆ ಸೇರಿಸಿದರೆ ಮಿಶ್ರಣ ಕಡಿಮೆ ಬಿಸಿಗೇ ಕರಗುತ್ತದೆ, ಸುಲಭವಾಗಿ ಬಿಡುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ 25 ವ್ಯಾಟಿನ ಸಾದಾ ಐರನ್ ಇದ್ದವರು ಡಿಗ್ರಿ ಆರಿಸೋ ಹಾಗೇ ಇಲ್ಲ, ಅಲ್ವಾ? ಸುಮ್ನೆ ಸ್ಟ್ಯಾಂಡಿನಲ್ಲಿ ಬಿಟ್ಟರೆ ಅದು 400 ದಾಟಿಬಿಡಬಹುದು. ಚಿಕ್ಕ ಜಾಯಿಂಟಿಗೆ ಮೊದಲು ಒದ್ದೆ ಸ್ಪಂಜಿಗೆ ಒಂದು ಸಲ ಒರೆಸಿ, ಆಮೇಲೆ ಮುಟ್ಟಿಸಿ. ದಪ್ಪ ವೈರಿಗಾದರೆ ಒರೆಸಿ ಅರೆಗಳಿಗೆ ಕಾಯಿರಿ.